ಈಮ್: ಒಂದು ಊರು, ಸುತ್ತ ಒಂದು ಗೆರೆ

1.
ಶೆಫೀಲ್ಡ್ ಫೋಟೋ ಹಾಕಿ ಹಾಕಿ ನಿಮಗೂ ಬೋರ್ ಆಗಿರುತ್ತೆ. ಈ ಸಲ ಸಿಟಿ ಬಿಟ್ಟು ಆಚೆ ಬಂದಿದೀನಿ. ಕಾಲೇಜಿಗೆ ರಜೆ ಇತ್ತು, ಬಸ್ ಹತ್ತಿ ನೈಋತ್ಯ ದಿಕ್ಕಿನ ಗುಡ್ಡಗಳ ಕಡೆ ಹೊರಟೆ. ಡರ್ಬಿಶೈರ್‌ನಲ್ಲಿ ಸುಮಾರು ಸಾವಿರ ಜನ ಇರೋ ಒಂದು ಹಳ್ಳಿ. ಹೆಸರು ಈಮ್. ಹಳೇ ಇಂಗ್ಲಿಷಿನಲ್ಲಿ ಇದರ ಮೂಲ ಅರ್ಥ 'ದ್ವೀಪ' ಅಂತ. ಸಮುದ್ರ ಮಾತ್ರ ಹತ್ತಿರದಲ್ಲೆಲ್ಲೂ ಇಲ್ಲ! ಈ ಹೆಸರು ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

2.
ಮೊದಲನೇ ಫೋಟೋದಲ್ಲಿ ಊರಿನ ಹಿಂದೆ ಎತ್ತರಕ್ಕೆ ಕಾಣೋದು ಒರಟು ಮರಳುಗಲ್ಲಿನ ಗುಡ್ಡ. ದಕ್ಷಿಣಕ್ಕೆ ತಿರುಗಿದ್ರೆ ನೆಲವೇ ಬೇರೆ, ಪೂರ್ತಿ ಸುಣ್ಣದಕಲ್ಲು, ನಡುನಡುವೆ ಆಳವಾದ ಕಣಿವೆಗಳು. ಎರಡರ ಮಧ್ಯೆ ಇಳಿಜಾರಲ್ಲಿ ಒಂದೇ ಉದ್ದನೆ ಬೀದಿ, ಅದೇ ಊರು. ಸುಣ್ಣದಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರು ಸಿಗ್ತಿತ್ತು, ಹಾಗಾಗಿ ಇಲ್ಲಿ ತುಂಬ ಜನ ಗಣಿ ಕೆಲಸದವರು. ಗುಡ್ಡದ ಒರತೆ ನೀರನ್ನ ಕಲ್ಲಿನ ತೊಟ್ಟಿಗಳಿಗೆ ಹರಿಸ್ತಿದ್ರು. ಆ ತೊಟ್ಟಿಗಳು ಬೀದಿ ಬದಿಯಲ್ಲಿ ಈಗಲೂ ಇವೆ. ಚರ್ಚ್ ಅಂಗಳದಲ್ಲಿ ಸಾವಿರ ವರ್ಷಕ್ಕಿಂತ ಹಳೇದಾದ ಕೆತ್ತನೆ ಕಲ್ಲಿನ ಶಿಲುಬೆ ನಿಂತಿದೆ. ಇಷ್ಟೇ ಆಗಿದ್ರೆ ಈ ಊರಿನ ಹೆಸರು ಯಾರಿಗೂ ಗೊತ್ತಿರ್ತಿರಲಿಲ್ಲ.

3.
1665ರಲ್ಲಿ ಲಂಡನ್ ತುಂಬ ಪ್ಲೇಗು. ಈಮ್‌ನ ದರ್ಜಿ ಅಲೆಗ್ಸಾಂಡರ್ ಹ್ಯಾಡ್‌ಫೀಲ್ಡ್ ಮನೆಗೆ ಅಲ್ಲಿಂದ ಒಂದು ಬಟ್ಟೆ ಗಂಟು ಬಂತು. ಬಟ್ಟೆ ಒದ್ದೆಯಾಗಿತ್ತು, ಸಹಾಯಕ ಜಾರ್ಜ್ ವಿಕರ್ಸ್ ಬಿಚ್ಚಿ ಬೆಂಕಿ ಮುಂದೆ ಹರವಿದ. ಅದರೊಳಗೆ ಚಿಗಟಗಳಿದ್ದವು ಅಂತಾರೆ. ಸೆಪ್ಟೆಂಬರ್ 7ಕ್ಕೆ ವಿಕರ್ಸ್ ಸತ್ತ. ಆಮೇಲೆ ಅದೇ ಮನೆಯವರು, ಪಕ್ಕದ ಮನೆಯವರು. ಎರಡನೇ ಫೋಟೋ ಆ ಮನೆಗಳದ್ದು. ಒಂದೊಂದರ ಮುಂದೂ ಹಸಿರು ಹಲಗೆ ಇದೆ, ಅದರ ಮೇಲೆ ಆ ಮನೇಲಿ ಸತ್ತವರ ಹೆಸರು. ಈಗಲೂ ಜನ ವಾಸ ಮಾಡ್ತಿರೋ ಮನೆಗಳವು, ಕಿಟಕಿಯಲ್ಲಿ ಹೂಕುಂಡ ಇಟ್ಟಿದಾರೆ.

4.
1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಊರವರ ಮುಂದೆ ಒಂದು ಮಾತಿಟ್ಟ: ರೋಗ ಸುತ್ತಲಿನ ಊರುಗಳಿಗೆ ಹೋಗಬಾರದು, ಹಾಗಾಗಿ ಯಾರೂ ಗಡಿ ದಾಟಬಾರದು. ಅವನು ಊರಿಗೆ ಹೊಸಬ, ಜನ ಅಷ್ಟಾಗಿ ನಂಬ್ತಿರಲಿಲ್ಲ. ಅದಕ್ಕೇ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯನ್ನ ಜೊತೆಗೆ ಸೇರಿಸಿಕೊಂಡ. ಧರ್ಮದ ವಿಷಯದಲ್ಲಿ ಇಬ್ಬರಿಗೂ ಎಣ್ಣೆ ಸೀಗೇಕಾಯಿ, ಆದ್ರೂ ಒಟ್ಟಿಗೆ ನಿಂತ್ರು. ಚರ್ಚ್ ಮುಚ್ಚಿ, ಪ್ರಾರ್ಥನೆಯನ್ನ ಪಕ್ಕದ ಕಣಿವೆಯ ಬಯಲಿಗೆ ತಂದ್ರು, ಅಲ್ಲಿ ಒಬ್ಬರಿಂದ ಒಬ್ಬರು ದೂರ ನಿಲ್ಲಬಹುದಿತ್ತು. ಸತ್ತವರನ್ನ ಅವರವರ ಮನೆಯವರೇ ಅವರವರ ಹೊಲದಲ್ಲಿ ಹೂಳಬೇಕು ಅಂತ ಆಯ್ತು.

ಎಲಿಜಬೆತ್ ಹ್ಯಾನ್ಕಾಕ್ ಅನ್ನೋ ಹೆಂಗಸು ಆ ಆಗಸ್ಟ್‌ನಲ್ಲಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಹೂತಳು. ಊರಾಚೆ ಇಳಿಜಾರಿನ ಹುಲ್ಲಲ್ಲಿ ಕಲ್ಲಿನ ಪುಟ್ಟ ಗೋಡೆ ಕಾಣ್ತಿದೆಯಲ್ಲ, ಮೂರನೇ ಫೋಟೋ, ಅದು ಅವರ ಸಮಾಧಿಗಳ ಸುತ್ತ ಕಟ್ಟಿದ್ದು. ಅಲ್ಲಿ ನಿಂತಾಗ ಫೋನ್ ತೆಗೆಯೋಕೂ ಸ್ವಲ್ಪ ಹೊತ್ತು ಹಿಡೀತು.

ನವೆಂಬರ್‌ಗೆ ರೋಗ ನಿಂತಾಗ ಸತ್ತವರು ಸುಮಾರು 260. ಊರಲ್ಲಿ ಎಷ್ಟು ಜನ ಇದ್ರು ಅನ್ನೋದರ ದೊಡ್ಡ ಅಂದಾಜನ್ನೇ ಹಿಡಿದ್ರೂ ಮೂವರಲ್ಲಿ ಒಬ್ಬರು.

5.
ಈ ಕಥೆಯನ್ನ ಇಲ್ಲಿ ಎಲ್ರೂ 'ತ್ಯಾಗ' ಅಂತಲೇ ಹೇಳ್ತಾರೆ. ಹೌದು, ತ್ಯಾಗವೇ. ಆದ್ರೆ ಇನ್ನೂ ಒಂದು ವಿಷಯ ಇದೆ. ದುಡ್ಡಿದ್ದ ಕೆಲವರು ಗೆರೆ ಎಳೆಯೋ ಮೊದಲೇ ಊರು ಬಿಟ್ಟಿದ್ರು. ಮಾಂಪೆಸನ್ ಕೂಡ ತನ್ನ ಇಬ್ಬರು ಮಕ್ಕಳನ್ನ ಯಾರ್ಕ್‌ಶೈರ್‌ಗೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಹೋಗಲ್ಲ ಅಂದಳು, ಆಗಸ್ಟ್‌ನಲ್ಲಿ ಸತ್ತಳು. ಉಳಿದ ಗಣಿ ಕೆಲಸದವರಿಗೆ ಹೋಗೋಕೆ ಜಾಗವಾದ್ರೂ ಎಲ್ಲಿತ್ತು?

ಈಗ ನಾಲ್ಕನೇ ಫೋಟೋ. ಹುಲ್ಲಿನ ಮಧ್ಯೆ ಒಂದು ಬಂಡೆ, ಅದರಲ್ಲಿ ಆರು ಗುಂಡಿ. ಈಮ್‌ಗೂ ಪಕ್ಕದ ಸ್ಟೋನಿ ಮಿಡಲ್ಟನ್‌ಗೂ ನಡುವಿನ ಗಡಿಕಲ್ಲು. ಗುಂಡಿಗಳಲ್ಲಿ ವಿನೆಗರ್ ತುಂಬಿ ಅದರೊಳಗೆ ನಾಣ್ಯ ಇಡ್ತಿದ್ರು. ಆಚೆ ಊರವರು ದವಸ ಇಟ್ಟು ನಾಣ್ಯ ಎತ್ಕೊಂಡು ಹೋಗ್ತಿದ್ರು. ಚಾಟ್ಸ್‌ವರ್ತ್ ಅರಮನೆಯ ಅರ್ಲ್ ಆಫ್ ಡೆವನ್‌ಶೈರ್ ಕೂಡ ಆಹಾರ ಕಳಿಸ್ತಿದ್ದ. ಇಡೀ ಊರಲ್ಲಿ ನಾನು ತುಂಬ ಹೊತ್ತು ನಿಂತಿದ್ದು ಈ ಕಲ್ಲಿನ ಹತ್ತಿರ.

6.
ಯಾಕೆ ಅಂದ್ರೆ, 2020ರ ಮಾರ್ಚ್‌ನಲ್ಲಿ ತುಮಕೂರು ಕಡೆಯ ನಮ್ಮೂರಲ್ಲೂ ಗೆರೆ ಎಳೆದಿದ್ರು. ರಸ್ತೆಗೆ ಅಡ್ಡ ಜಾಲಿ ಮುಳ್ಳು. ಇಲ್ಲಿ ಒಳಗಿನವರು ಆಚೆ ಹೋಗದ ಹಾಗೆ, ನಮ್ಮಲ್ಲಿ ಆಚೆಯವರು ಒಳಗೆ ಬರದ ಹಾಗೆ. ಬೆಂಗಳೂರಿಂದ ಬಂದ ಚಿಕ್ಕಪ್ಪ ಮುಳ್ಳಿನ ಆಚೆ ನಿಂತುಬಿಟ್ಟರು, ಹದಿನಾಲ್ಕು ದಿನ ಯಾರದೋ ತೋಟದ ಪಂಪ್‌ಹೌಸಲ್ಲಿ ಇದ್ರು. ಅಜ್ಜಿ ದಿನಾ ಎರಡು ಹೊತ್ತು ಬುತ್ತಿ ಕಟ್ಟಿ ಮೋರಿ ಕಟ್ಟೆ ಮೇಲಿಟ್ಟು ಹಿಂದೆ ಸರಿದು ನಿಲ್ಲೋರು. ಚಿಕ್ಕಪ್ಪ ಬಂದು ತಗೊಂಡ ಮೇಲೇ ಮನೆಗೆ ವಾಪಸ್. "ನಮ್ಮವ್ವನ ಕಾಲದಲ್ಲಿ ಪಿಳೇಗು ಬಂದ್ರೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿತ್ತು ಕಣಪ್ಪಾ, ಇದ್ಯಾವ ಲೆಕ್ಕ" ಅನ್ನೋರು. ಅಜ್ಜಿ ಈಮ್ ಹೆಸರು ಕೇಳಿದವರಲ್ಲ, ಆದ್ರೆ ಆ ಗಡಿಕಲ್ಲಿನ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗೆರೆಯನ್ನ ಯಾರು ಬೇಕಾದ್ರೂ ಎಳೀಬಹುದು. ಈಮ್‌ನಲ್ಲಿ ಅದು ತಿಂಗಳುಗಟ್ಟಲೆ ನಿಂತಿದ್ದು ಒಳಗಿನವರ ಧೈರ್ಯದಿಂದ, ಜೊತೆಗೆ ಆಚೆಯಿಂದ ದಿನಾ ಯಾರೋ ಬಂದು ದವಸ ಇಟ್ಟು ಹೋಗಿದ್ದರಿಂದ. ಹೊಟ್ಟೆಗಿಲ್ಲದೆ ಇದ್ದಿದ್ರೆ ಯಾವ ಪಾದ್ರಿ ಮಾತೂ ನಡೀತಿರಲಿಲ್ಲ. ಅಲ್ಲಿ ದವಸ ಹೊತ್ತವರ ಹೆಸರು ಯಾವ ಹಸಿರು ಹಲಗೆ ಮೇಲೂ ನನಗೆ ಕಾಣಲಿಲ್ಲ.

ಇನ್ನೊಂದು ಹೇಳಲೇಬೇಕು. ಕೆಲವು ವರ್ಷದ ಮೇಲೆ ಮಾಂಪೆಸನ್‌ಗೆ ಈಕ್ರಿಂಗ್ ಅನ್ನೋ ಬೇರೆ ಊರಿಗೆ ವರ್ಗ ಆಯ್ತು. ಪ್ಲೇಗಿನ ಊರಿಂದ ಬಂದವನು ಅಂತ ಅಲ್ಲಿಯ ಜನ ಹೆದರಿ ಊರೊಳಗೆ ಸೇರಿಸಲಿಲ್ಲವಂತೆ, ಸ್ವಲ್ಪ ಕಾಲ ಊರಾಚೆ ಗುಡಿಸಲಲ್ಲಿ ಇದ್ದನಂತೆ. ಚಿಕ್ಕಪ್ಪನಿಗೆ ಫೋನಲ್ಲಿ ಇದನ್ನ ಹೇಳಿದೆ. ಜೋರಾಗಿ ನಕ್ಕು, "ಅವನಿಗೂ ಪಂಪ್‌ಹೌಸೇನಾ?" ಅಂದ್ರು.

ಕೊನೇ ಫೋಟೋ ಸುಮ್ನೆ: ಊರ ಕೆರೆಯಲ್ಲ, ಮಳೆ ನೀರು ನಿಂತ ಬಸ್ ಸ್ಟಾಪ್. 😄

ನಿಮ್ಮನೇಲಿ ಅಜ್ಜ ಅಜ್ಜಿ ಇದ್ರೆ ಪ್ಲೇಗಿನ ಕಾಲದ ಮಾತು ಒಂದ್ಸಲ ಕೇಳಿ ನೋಡಿ. ಊರು ಬಿಟ್ಟಿದ್ರಾ, ಗುಡಿಸಲು ಎಲ್ಲಿ ಹಾಕಿದ್ರು, ಊಟ ಯಾರು ತಂದುಕೊಡ್ತಿದ್ರು? ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಈಮ್ #ಶೆಫೀಲ್ಡ್_ಡೈರಿ #ಊರ_ಕಥೆ