ತಿಳಿನೀರಿನ ಪಾಠ

ಮೊಮ್ಮಗನ ಹಟಕ್ಕೆ ಮಣಿದು ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇರಿಸಿದ್ದೆವು. ಬಗೆಬಗೆಯ ಹನ್ನೊಂದು ಮೀನುಗಳು ಅದರಲ್ಲಿ ಕೂಡಿ ಬಾಳುತ್ತಿದ್ದವು. ಒಂದೇ ವಾರದಲ್ಲಿ ಏಳು ಸತ್ತವು. ಮೈಮೇಲೆ ಗಾಯವಿಲ್ಲ, ರೋಗದ ಚುಕ್ಕೆಯಿಲ್ಲ. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ಕೆಲವರು ದೃಷ್ಟಿ ತಾಗಿತೆಂದರು.

“ಅಜ್ಜಾ, ನೀ ಎಲ್ಲಾ ಸ್ವಚ್ಛ ತೊಳದಿದ್ದೆಲ್ಲಾ, ಮತ್ಯಾಕ ಸತ್ತುವು?” ಎಂದು ಹುಡುಗ ಕೇಳಿದ. ಕಾರಣವು ಆ ಮಾತಿನಲ್ಲಿಯೇ ಅಡಗಿತ್ತು.

ಮೀನಿನ ವಿಸರ್ಜನೆಯಿಂದಲೂ ತಿಂದುಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಎಂಬ ವಿಷವು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ. ಮರಳಿನಲ್ಲಿಯೂ ಶೋಧಕದ ಸ್ಪಂಜಿನಲ್ಲಿಯೂ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನಾನಾದರೋ ಅವೆಲ್ಲವನ್ನೂ ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತಿಕ್ಕಿ ತೊಳೆದು, ಅದೇ ನೀರನ್ನು ತೊಟ್ಟಿಗೆ ತುಂಬಿದ್ದೆ. ಕೊಳೆಯೆಂದು ಕಳೆದದ್ದೇ ಆ ಜೀವಿಗಳ ರಕ್ಷೆಯಾಗಿತ್ತು. ನಮ್ಮೂರ ಆನೆಕೆರೆಯ ತಳವನ್ನು ಯಾರೂ ತಿಕ್ಕುವುದಿಲ್ಲ. ಅಲ್ಲಿ ಕೆಸರೂ ಪಾಚಿಯೂ ಈ ಕಾರ್ಯವನ್ನು ಸದ್ದಿಲ್ಲದೆ ನಡೆಸುತ್ತವೆ.

ಈಗ ವಾರಕ್ಕೊಮ್ಮೆ ಕಾಲುಭಾಗ ನೀರನ್ನಷ್ಟೇ ಬದಲಿಸುತ್ತೇನೆ. ನಲ್ಲಿಯ ನೀರನ್ನು ಒಂದು ದಿನ ತೆರೆದ ಕೊಡದಲ್ಲಿಟ್ಟು ಕ್ಲೋರಿನ್ ಹೋದ ಬಳಿಕ ಸುರಿಯುತ್ತೇನೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡುತ್ತೇನೆ. ಉಳಿದ ನಾಲ್ಕು ಮೀನುಗಳು ಬದುಕಿವೆ.

ದೃಷ್ಟಿಯ ಮೇಲೆ ಹೊರೆ ಹಾಕಿ ನಾನು ಸುಮ್ಮನಿರಬಹುದಾಗಿತ್ತು. ಆದರೆ ಹುಡುಗನನ್ನು ಹತ್ತಿರ ಕೂರಿಸಿಕೊಂಡು, ತಪ್ಪು ನನ್ನದೆಂದು ಹೇಳಿದೆ. ಅರಿವಿಲ್ಲದ ಅಕ್ಕರೆಯೂ ಕೊಲ್ಲಬಲ್ಲುದೆಂದು ಈ ಇಳಿವಯಸ್ಸಿನಲ್ಲಿ ನನಗೆ ಕಲಿಸಿದವು ಆ ಏಳು ಮೂಕಜೀವಿಗಳು.