ಅಂಗಾಂಶ ಪಾಠದಲ್ಲಿ ನಾನಾಡಿದ ಒಂದು ಮಾತು

ಬೋಧನಾಭ್ಯಾಸದ ಎರಡನೇ ವಾರ, 9ನೇ ತರಗತಿಗೆ 'ಅಂಗಾಂಶಗಳು' ಪಾಠ. ಮಕ್ಕಳ ಅನುಭವದಿಂದಲೇ ಶುರು ಮಾಡೋಣವೆಂದು, "ಗಾಯವಾದರೆ ಮನೆಯಲ್ಲಿ ಏನು ಹಚ್ಚುತ್ತಾರೆ?" ಎಂದು ಕೇಳಿದೆ. ಅರಿಶಿನ, ಕಾಫಿಪುಡಿ, ಸುಣ್ಣ, ಸುಟ್ಟರೆ ಟೂತ್‌ಪೇಸ್ಟ್. ಹಿಂದಿನ ಬೆಂಚಿನವನೊಬ್ಬ ಎದ್ದು "ಮಣ್ಣು, ಮಿಸ್" ಎಂದ. ಪಾಠಯೋಜನೆಯಲ್ಲಿ ಇದಕ್ಕೆ ಐದು ನಿಮಿಷ ಬರೆದಿದ್ದೆ, ಹದಿನೈದು ಹಿಡಿಯಿತು.

ಮಣ್ಣಿನಲ್ಲಿ ಧನುರ್ವಾಯುವಿನ ಬ್ಯಾಕ್ಟೀರಿಯಾ ಇರುತ್ತದೆ ಎಂದೆ. ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ತೊಳೆಯಿರಿ, ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ, ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರಿಗೆ ಹಿಡಿಯಿರಿ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆಮೇಲೆ ಗಾಳಿಗೆ ಬಿಟ್ಟು ಒಣಗಿಸಿ. ಹೀಗೆ ಮಾಡಿದರೆ ಕಲೆಯೇ ಉಳಿಯುವುದಿಲ್ಲ. ಕಲೆ ಉಳಿದಿದೆ ಎಂದರೆ ಮನೆಯವರು ಸರಿಯಾಗಿ ನೋಡಿಕೊಂಡಿಲ್ಲ ಎಂದರ್ಥ" ಎಂದುಬಿಟ್ಟೆ. ಮೂರನೇ ಬೆಂಚಿನ ಹುಡುಗಿ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಕಂಡೆ, ಅರ್ಥವಾಗಲಿಲ್ಲ.

"ನಾಲ್ಕು ವರ್ಷದವಳಿದ್ದಾಗ ಬಿಸಿ ಸಾರು ಚೆಲ್ಲಿ ಕೈ ಸುಟ್ಟಿತ್ತಮ್ಮ ಅವಳದು" ಎಂದರು ಮಾರ್ಗದರ್ಶಕ ಶಿಕ್ಷಕಿ. ವೀಕ್ಷಣಾ ಪುಸ್ತಕದಲ್ಲಿ ಬೈದಿರಲಿಲ್ಲ. "ಕಲೆಯ ಬಗ್ಗೆ ಹೇಳಿದ್ದು ನಿಜವೇ? ಓದಿ ನೋಡಿ" ಎಂದಷ್ಟೇ ಬರೆದಿದ್ದರು.

ನಿಜವಾಗಿರಲಿಲ್ಲ. ಚರ್ಮದ ಮೇಲ್ಪದರ ಮಾತ್ರ ಕೆತ್ತಿದ್ದರೆ ಸಾಮಾನ್ಯವಾಗಿ ಗುರುತು ಉಳಿಯುವುದಿಲ್ಲ. ಗಾಯ ಒಳಪದರದ ಆಳಕ್ಕೆ ಇಳಿದರೆ ದೇಹ ಆ ಜಾಗವನ್ನು ಕೊಲಾಜೆನ್ ನಾರುಗಳಿಂದ ತುಂಬುತ್ತದೆ. ಅವುಗಳ ಜೋಡಣೆ ಮೊದಲಿನಂತಿರುವುದಿಲ್ಲ, ಅಲ್ಲಿ ಕೂದಲಾಗಲಿ ಬೆವರು ಗ್ರಂಥಿಯಾಗಲಿ ಮತ್ತೆ ಬರುವುದಿಲ್ಲ. ಎಷ್ಟೇ ಚೆನ್ನಾಗಿ ಆರೈಕೆ ಮಾಡಿದರೂ ಇದು ತಪ್ಪದು. ಆರೈಕೆಯಿಂದ ಕಲೆಯನ್ನು ಕಡಿಮೆ ಮಾಡಬಹುದು: ಹಕ್ಕಳೆ ಕೀಳದಿರುವುದು, ಹೊಸ ಕಲೆಗೆ ಬಿಸಿಲು ತಾಗದಂತೆ ನೋಡಿಕೊಳ್ಳುವುದು, ಉಬ್ಬಿದ ಕಲೆಗೆ ವೈದ್ಯರು ಹೇಳುವ ಸಿಲಿಕೋನ್ ಜೆಲ್. ಕಲೆ ಒಂದು ವರ್ಷ, ಅದಕ್ಕಿಂತಲೂ ಹೆಚ್ಚು ಕಾಲ ಬದಲಾಗುತ್ತಲೇ ಇರುತ್ತದೆ. ಗಾಳಿಗೆ ಒಣಗಿಸುವ ನನ್ನ ಸಲಹೆಯೂ ಹಳತೇ. ಮುಚ್ಚಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಬೇಗ ಬೆಳೆಯುತ್ತದೆಂದು ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಬಿಎಸ್ಸಿ ಮುಗಿಸಿ ಬಂದ ನಾನು ನಮ್ಮಜ್ಜಿಯ ಮಾತನ್ನೇ ವಿಜ್ಞಾನವೆಂದು ಹೇಳಿದ್ದೆ. (ಅಜ್ಜಿಯಾದರೂ ಕಲೆಗಾಗಿ ಯಾರನ್ನೂ ದೂರುತ್ತಿರಲಿಲ್ಲ.)

ಮರುದಿನ "ನಿನ್ನೆ ಎರಡು ತಪ್ಪು ಹೇಳಿದ್ದೆ" ಎಂದೇ ಪಾಠ ಶುರು ಮಾಡಿದೆ. ಸೈಕಲ್‌ನಿಂದ ಬಿದ್ದು ಉಳಿದ ನನ್ನ ಮೊಣಕೈ ಕಲೆಯನ್ನು ತೋರಿಸಿ, ಇಲ್ಲೇಕೆ ಕೂದಲಿಲ್ಲ ಎಂದು ಕೇಳಿದೆ. ಸಂಯೋಜಕ ಅಂಗಾಂಶ ಅಲ್ಲಿಂದಲೇ ಬಂತು.

ಗಂಟೆ ಹೊಡೆದ ಮೇಲೆ ಆ ಹುಡುಗಿ ಮೇಜಿನ ಬಳಿ ಬಂದಳು. "ಮಿಸ್, ಅಮ್ಮ ಆವಾಗ ಪೇಸ್ಟ್ ಹಚ್ಚಿದ್ರಂತೆ. ನೀರು ಹಾಕಿದ್ರೆ ಹೋಗ್ತಿತ್ತಾ?"

ಇಲ್ಲವೆಂದು ಹೇಳಿ ಸಮಾಧಾನ ಮಾಡಬಹುದಿತ್ತು. ಮತ್ತೊಂದು ತಪ್ಪು ಹೇಳಲು ಮನಸ್ಸಾಗಲಿಲ್ಲ. "ಸ್ವಲ್ಪ ಕಡಿಮೆ ಆಗ್ತಿತ್ತೇನೋ. ಆಳಕ್ಕೆ ಸುಟ್ಟಿದ್ರೆ ಏನು ಮಾಡಿದ್ರೂ ಉಳೀತಿತ್ತು. ಅಮ್ಮನಿಗೆ ಆಗ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದೆ.

"ಅಮ್ಮಂಗೆ ಹೇಳ್ತೀನಿ" ಎಂದು ಹೊರಟಳು. ತೋಳು ಮಣಿಕಟ್ಟಿನವರೆಗೇ ಇತ್ತು.