ಸೆಕೆಂಡ್ ಹ್ಯಾಂಡ್ ಹೈಬ್ರಿಡ್ಡೂ, ನಂಬಿಕೆಯ ಪ್ರಶ್ನೆಯೂ...

ಹಳೇ ಹೈಬ್ರಿಡ್ ಕಾರು ತಗೋತೀವಿ ಅಂತ ಬಾಯಿ ಬಿಟ್ಟಿದ್ದೇ ತಡ, ಸಲಹೆಗಳ ಸುರಿಮಳೆ! ಆಫೀಸಿನಲ್ಲಿ ಒಬ್ಬರು "ಬ್ಯಾಟರಿ ಹೋದ್ರೆ ಕಾರಿನ ಅರ್ಧ ದುಡ್ಡು ಹೋದ ಹಾಗೆ, ಹತ್ರಾನೂ ಹೋಗ್ಬೇಡ" ಅಂದ್ರೆ, ಇನ್ನೊಬ್ಬರು "ಪ್ರಿಯಸ್ ತಾನೇ? ಕಣ್ಮುಚ್ಕೊಂಡು ತಗೋ" ಅಂದ್ರು. ಕಣ್ಣು ಮುಚ್ಚಿಕೊಂಡು ಕೊಡೋಕೆ ನಮ್ಮ ಹತ್ರ ಇದ್ದದ್ದು 9000 ಡಾಲರ್. ಅದರ ಮೇಲೆ ಕೈ ಹಾಕಿದರೆ ಅಮ್ಮನ ವಿಮಾನದ ಟಿಕೆಟ್ ದುಡ್ಡು, ಅದೂ ದಾಟಿದರೆ ಹೆರಿಗೆಗೆ ಅಂತ ತೆಗೆದಿಟ್ಟಿದ್ದು. ನನಗಾಗ ಏಳನೇ ತಿಂಗಳು. ಬಾಣಂತನಕ್ಕೆ ಅಮ್ಮ ಸಾಗರದಿಂದ ಸನ್ನಿವೇಲ್‌ಗೆ ಬರುವಷ್ಟರಲ್ಲಿ ಮನೆಯಲ್ಲಿ ಒಂದು ಕಾರು ಇರಲೇಬೇಕಿತ್ತು. ಮಧ್ಯರಾತ್ರಿ ಆಸ್ಪತ್ರೆಗೆ ಹೊರಟಾಗ ಫ್ರೀವೇ ಮೇಲೆ ಕೆಂಪು ತ್ರಿಕೋನದ ದೀಪ ಹತ್ತಿಕೊಂಡರೆ? ಈ ಯೋಚನೆಯಲ್ಲೇ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಅಂದಹಾಗೆ ನಾನು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡೋದು ಸಾಫ್ಟ್‌ವೇರ್. ಮೋಟರ್, ಇನ್ವರ್ಟರ್ ಅಂತ ನಾಲ್ಕು ವರ್ಷ ಉರು ಹೊಡೆದದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು ಅನ್ನಿ :-)

ನಾವು ನೋಡುತ್ತಿದ್ದದ್ದು ಮೂರನೇ ತಲೆಮಾರಿನ ಪ್ರಿಯಸ್, ಅಂದ್ರೆ 2010ರಿಂದ 2015ರ ಮಾಡೆಲ್‌ಗಳು. ಇದರಲ್ಲಿ ಆಲ್ಟರ್ನೇಟರ್ ಇಲ್ಲ, ಬೇರೆ ಸ್ಟಾರ್ಟರ್ ಮೋಟರ್ ಇಲ್ಲ, ಇಂಜಿನ್ನಿಗೆ ಬೆಲ್ಟ್ ಕೂಡ ಇಲ್ಲ. ಹಾಗಾಗಿ ಮಾಮೂಲಿ ಕಾರಿನಲ್ಲಿ ಕೆಡುವ ಎಷ್ಟೋ ವಸ್ತುಗಳು ಇಲ್ಲಿ ಕೆಡೋದೇ ಇಲ್ಲ, ಯಾಕಂದ್ರೆ ಅವು ಇಲ್ಲವೇ ಇಲ್ಲ! ಬದಲಿಗೆ ಹಿಂದಿನ ಸೀಟಿನ ಹತ್ತಿರ 28 ಮಾಡ್ಯೂಲ್‌ಗಳ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇದೆ, ಒಟ್ಟು 201.6 ವೋಲ್ಟ್. ಕ್ಯಾಲಿಫೋರ್ನಿಯಾದಲ್ಲಿ ಈ ಕಾರುಗಳ ಬ್ಯಾಟರಿಗೆ 10 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿ ವಾರಂಟಿ ಇತ್ತು. ನಮ್ಮ ಬಜೆಟ್ಟಿಗೆ ಸಿಗುವ 2014ರ ಕಾರುಗಳಿಗೆ ಅದು ಮುಗಿದುಹೋಗಿತ್ತು. ಅಂದರೆ ಇನ್ನು ಏನೇ ಆದರೂ ನಮ್ಮ ತಲೆಗೇ.

ಮೊದಲ ಕಾರು ನೋಡೋಕೆ ಹೋದಾಗ ನಾನು ಮಾಡಿದ ಮೊದಲ ಕೆಲಸ, ಬಾನೆಟ್ ಮೇಲೆ ಕೈ ಇಟ್ಟು ನೋಡಿದ್ದು. ಬಿಸಿ! ಈ ಕಾರಿನ ಇಂಜಿನ್ನನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಬೇಕು. ಇಜಿಆರ್ ಅನ್ನುವ ಭಾಗ (ಹೊಗೆಯ ಒಂದಷ್ಟು ಪಾಲನ್ನು ತಂಪು ಮಾಡಿ ಮತ್ತೆ ಇಂಜಿನ್ನಿಗೆ ಕಳಿಸುತ್ತೆ) ವರ್ಷ ಕಳೆದ ಹಾಗೆ ಮಸಿ ಕಟ್ಟಿಕೊಳ್ಳುತ್ತೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಹೆಡ್ ಗ್ಯಾಸ್ಕೆಟ್‌ಗೇ ಕುತ್ತು. ಗ್ಯಾಸ್ಕೆಟ್ ಸೋರೋಕೆ ಶುರುವಾಗಿದ್ದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಕೆಲವು ಸೆಕೆಂಡು ಇಂಜಿನ್ ಗಡಗಡ ನಡುಗುತ್ತೆ, ಬಿಸಿಯಾದ ಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತೆ. ಕೂಲಂಟ್ ಮಟ್ಟವೂ ಕಾರಣವಿಲ್ಲದೆ ಇಳೀತಾ ಇರುತ್ತೆ. "ನಾಳೆ ಬೆಳಿಗ್ಗೆ ಬರ್ತೀವಿ, ಸ್ಟಾರ್ಟ್ ಮಾಡದೆ ಇಟ್ಟಿರಿ" ಅಂದೆ. ಆ ಮನುಷ್ಯ ನನ್ನ ಪ್ರಶ್ನೆಗೂ ಪತಿರಾಯರ ಮುಖ ನೋಡಿಯೇ ಉತ್ತರ ಕೊಡ್ತಿದ್ದ. ನಾಳೆ ಬೇರೆಯವರು ಬರ್ತಾರಂತೆ. ಸರಿ, ಬರಲಿ ಪಾಪ ಅಂತ ಬಂದುಬಿಟ್ವಿ.

ಎರಡನೇ ಕಾರಿನದ್ದೇ ಕಷ್ಟದ ಕಥೆ. ಮಾರುತ್ತಿದ್ದವರು ನಮ್ಮ ಕಡೆಯವರೇ, ಪರಿಚಯದವರ ಪರಿಚಯ. ಬಾಗಿಲಲ್ಲೇ "ಬಾರಮ್ಮಾ, ಮೊದಲು ಊಟ ಮಾಡಿ" ಅಂದ್ರು. ಆಂಟಿ ಮೊಸರನ್ನದ ಜೊತೆ ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದ್ರು. ಏಳನೇ ತಿಂಗಳಿನವಳಿಗೆ ಮಿಡಿ ಉಪ್ಪಿನಕಾಯಿ ಬಡಿಸಿದವರ ಮೇಲೆ ಅನುಮಾನ ಪಡೋದು ಹೇಗೆ ನೀವೇ ಹೇಳಿ? ಅಂಕಲ್ ಬೇರೆ "ನಮ್ಮವರು ಅಂತ 500 ಡಾಲರ್ ಕಡಿಮೆ ಮಾಡ್ಕೋತೀನಿ" ಅಂದ್ರು.

ಕಾರು ತಣ್ಣಗಿತ್ತು, ಇಂಜಿನ್ ಸದ್ದಿಲ್ಲದೆ ಶುರುವಾಯ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದೂ ದೀಪ ಇಲ್ಲ. ಊಟ ಮಾಡಿದ ಮನೆ ಅಂತ ಸಂಕೋಚ ಆದ್ರೂ ಬ್ಯಾಗಿನಿಂದ ಸ್ಕ್ಯಾನರ್ ತೆಗೆದೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ, ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸುವ ಅಂಗೈಯಗಲದ ವಸ್ತು ಅದು. ದೋಷದ ಕೋಡ್ ಒಂದೂ ಇರಲಿಲ್ಲ. ಆದರೆ ಮಾನಿಟರ್‌ಗಳು? ಬಹುಪಾಲು "ರೆಡಿ ಇಲ್ಲ".

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಕಾರಿನ ಕಂಪ್ಯೂಟರ್ ಹೊಗೆಗೆ ಸಂಬಂಧಪಟ್ಟ ಒಂದೊಂದೇ ಭಾಗವನ್ನು ಓಡುವಾಗ ತಾನೇ ಪರೀಕ್ಷೆ ಮಾಡಿ "ರೆಡಿ" ಅಂತ ಗುರುತು ಹಾಕ್ಕೊಳ್ಳುತ್ತೆ. ಯಾರಾದರೂ ಕೋಡ್ ಅಳಿಸಿದರೆ ಈ ಗುರುತುಗಳೂ ಅಳಿಸಿಹೋಗುತ್ತವೆ, ಮತ್ತೆ ಬರೋಕೆ ಕೆಲವು ದಿನ ಓಡಿಸಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೆಮೋಗೆ ಮುಂಚೆ ಲಾಗ್ ಫೈಲ್ ಅಳಿಸಿದ ಹಾಗೆ :-) ಎರರ್ ಇಲ್ಲ ಅನ್ನೋದು ನಿಜ, ಲಾಗೂ ಇಲ್ಲ ಅನ್ನೋದೂ ನಿಜ. ಹಾಗಂತ ಇದು ಮೋಸವೇ ಆಗಬೇಕಿಲ್ಲ. 12 ವೋಲ್ಟಿನ ಚಿಕ್ಕ ಬ್ಯಾಟರಿ ಬದಲಾಯಿಸಿದರೂ ಹೀಗಾಗಬಹುದು.

"ಅಂಕಲ್, ಇತ್ತೀಚೆಗೆ ಬ್ಯಾಟರಿ ಏನಾದ್ರೂ ಬಿಚ್ಚಿಸಿದ್ರಾ?"

"ಇಲ್ಲಮ್ಮ. ಮೊನ್ನೆ ಮೆಕ್ಯಾನಿಕ್ ಹತ್ರ ಆಯಿಲ್ ಬದಲಾಯಿಸಿದೆ, ಅಷ್ಟೇ. ಯಾಕೆ?"

ವಿಷಯ ಹೇಳಿದೆ. ಒಂದು ವಾರ ಮಾಮೂಲಿನಂತೆ ಓಡಿಸಿ, ಸ್ಮಾಗ್ ಟೆಸ್ಟ್ ಮಾಡಿಸಿ, ಆಮೇಲೆ ನಾವು ಇನ್ನೊಮ್ಮೆ ನೋಡ್ತೀವಿ ಅಂದೆ. ಮಾನಿಟರ್‌ಗಳು ರೆಡಿ ಆಗದೆ ಸ್ಮಾಗ್ ಪಾಸಾಗೋದಿಲ್ಲ. ಇಲ್ಲಿನ ಕಾನೂನಿನ ಪ್ರಕಾರ ಆ ಸರ್ಟಿಫಿಕೇಟ್ ಕೊಡಬೇಕಾದವರು ಮಾರುವವರೇ. ಅಂಕಲ್ ಮುಖ ಸಣ್ಣಗಾಯ್ತು. "ನಂಬಿಕೆ ಇಲ್ವೇನಮ್ಮ ನಮ್ಮ ಮೇಲೆ?" ಅಂದ್ರು. "ನಿಮ್ಮ ಮೇಲಿದೆ ಅಂಕಲ್, ಕಾರಿನ ಮೇಲೆ ಇನ್ನೂ ಬಂದಿಲ್ಲ" ಅಂದೆ. ವಾಪಸ್ ಬರುವಾಗ ಪತಿರಾಯ "ಅಷ್ಟು ನೇರವಾಗಿ ಹೇಳ್ಬೇಕಿತ್ತಾ ಕಣೇ?" ಅಂದ. ನನಗೂ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿತ್ತು. ಆದರೆ ನನ್ನ ಪಕ್ಕದಲ್ಲಿ ಇನ್ನೆರಡು ತಿಂಗಳಿಗೆ ಕೂಸಿನ ಸೀಟು ಬರುತ್ತೆ ಅನ್ನೋದು ಮೊಸರನ್ನದ ಋಣಕ್ಕಿಂತ ದೊಡ್ಡದಾಗಿ ಕಾಣಿಸ್ತು.

ಆರನೇ ದಿನ ಅಂಕಲ್ ಅವರೇ ಫೋನ್ ಮಾಡಿದ್ರು. ಇಂಜಿನ್ ದೀಪ ಮತ್ತೆ ಹತ್ತಿಕೊಂಡಿತ್ತು. ಮೆಕ್ಯಾನಿಕ್ ಇವರಿಗೆ ಹೇಳದೆಯೇ ಕೋಡ್ ಅಳಿಸಿ ಕಳಿಸಿದ್ದನಂತೆ. "ನೀನು ನೋಡದೇ ಇದ್ದಿದ್ರೆ ನಿಮ್ಮಿಬ್ಬರ ಮುಖ ನೋಡೋಕೆ ನನಗೆ ಆಗ್ತಿರ್ಲಿಲ್ಲ" ಅಂದ್ರು. ಕಾರು ತಗೊಳ್ಳಲಿಲ್ಲ. ಸೀಮಂತಕ್ಕೆ ಮಾತ್ರ ಇಬ್ಬರೂ ಬಂದಿದ್ರು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಸಮೇತ.

ಮೂರನೆಯದು ನಿವೃತ್ತ ಟೀಚರ್ ಒಬ್ಬರ 2014ರ ಕಾರು, 1,18,000 ಮೈಲಿ ಓಡಿತ್ತು. ಸರ್ವಿಸ್ ರಸೀದಿಗಳೆಲ್ಲ ಒಂದು ಫೈಲಿನಲ್ಲಿ, ತಾರೀಖಿನ ಪ್ರಕಾರ! 17 ಅಕ್ಷರದ ವಿಐಎನ್ ಹಾಕಿ ಅಮೆರಿಕ ಸರ್ಕಾರದ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ನೋಡಿದೆ, ಬಾಕಿ ರಿಕಾಲ್ ಇರಲಿಲ್ಲ. ಈ ತಲೆಮಾರಿನ ಪ್ರಿಯಸ್‌ಗಳಿಗೆ ಇದನ್ನು ತಪ್ಪದೇ ನೋಡಿ. 2014ರಲ್ಲಿ ಇನ್ವರ್ಟರ್ ಸಾಫ್ಟ್‌ವೇರಿಗೆ ಅಂತ ಸುಮಾರು 19 ಲಕ್ಷ ಕಾರು, 2018ರಲ್ಲಿ ಇನ್ನೊಂದು ಸಾಫ್ಟ್‌ವೇರ್ ತಿದ್ದುಪಡಿಗೆ ಸುಮಾರು 24 ಲಕ್ಷ ಹೈಬ್ರಿಡ್‌ಗಳನ್ನು ವಾಪಸ್ ಕರೆದಿದ್ರು. ಬಗ್ ಫಿಕ್ಸ್ ಎಲ್ಲರ ಹಣೆಬರಹ!

ಮಾನಿಟರ್ ಎಲ್ಲಾ ರೆಡಿ. ಗುಡ್ಡದ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ, ಪತಿರಾಯ ಪಕ್ಕದಲ್ಲಿ ಕೂತು ಫೋನಿನಲ್ಲಿ ವೋಲ್ಟೇಜ್ ನೋಡ್ತಿದ್ದ. ಬ್ಯಾಟರಿಯ 14 ಬ್ಲಾಕ್‌ಗಳು ಏರುವಾಗಲೂ ಇಳಿಯುವಾಗಲೂ ಹೆಚ್ಚೂಕಮ್ಮಿ ಜೊತೆಜೊತೆಯಾಗಿಯೇ ಇರಬೇಕು. ಒಂದೇ ಬ್ಲಾಕ್ ಪ್ರತಿ ಸಲ ಹಿಂದೆ ಬಿದ್ದರೆ ಅದು ಸೋಲುತ್ತಿದೆ ಅಂತ. ಸ್ಕ್ರೀನಿನ ಎಂಟು ಗೆರೆಗಳು ನೋಡನೋಡುತ್ತಾ ತುಂಬಿ, ನೋಡನೋಡುತ್ತಾ ಖಾಲಿಯಾದರೂ ಅಷ್ಟೇ. ಕೆಟ್ಟ ಮಾಡ್ಯೂಲ್ ಒಂದನ್ನೇ ಬದಲಾಯಿಸಿದ ರಿಪೇರಿಯನ್ನು ನಂಬಬೇಡಿ, ಅದು ಹಳೇ ಪಂಚೆಗೆ ಹಾಕಿದ ತೇಪೆ, ಪಕ್ಕದಲ್ಲೇ ಹರಿಯುತ್ತೆ. ಹಿಂದಿನ ಸೀಟಿನ ಪಕ್ಕ ಬ್ಯಾಟರಿಗೆ ಗಾಳಿ ಎಳೆದುಕೊಳ್ಳುವ ಜಾಲರಿ ಇದೆ. ಅದರಲ್ಲಿ ನಾಯಿ ಕೂದಲು ತುಂಬಿದ್ರೆ ಬ್ಯಾಟರಿ ಬೇಯುತ್ತೆ. ನಾನು ಹೊಟ್ಟೆ ಹಿಡ್ಕೊಂಡು ಅದನ್ನು ಬಗ್ಗಿ ನೋಡಿದೆ. ಪತಿರಾಯ ಕಾರಿನ ಅಡಿ ತೂರಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಾ ಅಂತ ನೋಡಿದ. ಪ್ರಿಯಸ್‌ನದ್ದಕ್ಕೆ ಕಳ್ಳರ ಕಾಟ ಜಾಸ್ತಿ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ಮುಟ್ಟಲೇಬೇಡಿ, ಹೈ ವೋಲ್ಟೇಜ್.

ಇಷ್ಟಾದ ಮೇಲೂ ಹೈಬ್ರಿಡ್ ಬಲ್ಲ ಮೆಕ್ಯಾನಿಕ್ ಒಬ್ಬರಿಗೆ 200 ಡಾಲರ್ ಕೊಟ್ಟು ಲಿಫ್ಟ್ ಮೇಲೆ ಏರಿಸಿ ನೋಡಿಸಿದ್ವಿ. 12 ವೋಲ್ಟ್ ಬ್ಯಾಟರಿ ಹಳೇದು, ಮುಂದಿನ ಸಸ್ಪೆನ್ಷನ್ ಬುಶ್ ಸವೆದಿದೆ ಅಂದ್ರು. ಟೀಚರ್ ಅಷ್ಟು ದುಡ್ಡು ಕಡಿಮೆ ಮಾಡಿದ್ರು. 8300ಕ್ಕೆ ಕಾರು ನಮ್ಮದಾಯ್ತು. ಉಳಿದ 700 ಡಾಲರ್ ಬ್ಯಾಟರಿ ಹೆಸರಿನಲ್ಲಿ ಎತ್ತಿಟ್ಟು, ತಿಂಗಳಿಗೆ ಇಷ್ಟು ಅಂತ ಸೇರಿಸ್ತಾ ಇದ್ದೀವಿ. ಅದು ಒಂದಲ್ಲ ಒಂದು ದಿನ ಹೋಗೇ ಹೋಗುತ್ತೆ, ಆ ದಿನ ಅಳೋದು ಬೇಡ ಅಂತ.

ಈಗ ಬೆಂಗಳೂರಿನಿಂದ ತಮ್ಮನ ಫೋನು. ಅಲ್ಲೂ 2022ರಿಂದ ಹೋಂಡಾ ಸಿಟಿ, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಹೈಬ್ರಿಡ್ ಮಾಡೆಲ್ ಬಂದಿವೆಯಲ್ಲ, ಅಂಥದ್ದೊಂದು ಹಳೇದು ನೋಡಿದ್ದಾನಂತೆ. "ಫ್ರೆಂಡಿನ ಕಾರು ಅಕ್ಕಾ, ಸ್ಕ್ಯಾನರ್ ಹಾಕಿದ್ರೆ ಬೇಜಾರು ಮಾಡ್ಕೋತಾನೆ" ಅಂತಾನೆ. ಊಟ ಮಾಡೋಕೆ ಮುಂಚೆಯೇ ಹಾಕು ಅಂದಿದ್ದೀನಿ :-) ನಿಮ್ಮಲ್ಲಿ ಯಾರಾದ್ರೂ ಅಲ್ಲಿ ಹಳೇ ಹೈಬ್ರಿಡ್ ತಗೊಂಡಿದ್ರೆ ಏನೇನು ನೋಡಿದ್ರಿ ಅಂತ ತಿಳಿಸಿ, ಅವನಿಗೆ ಹೇಳ್ತೀನಿ.